ಗೇರುಮರದ ಬುಡದಲ್ಲಿ ಯಾರೂ ಇಲ್ಲ

ಮಾರ್ಚ್ 5, 2025, ಬುಧವಾರ

ಬರೆಯುವುದು ನನ್ನ ಕಸುಬಲ್ಲ. ಕಲ್ಲು ಇಡಲು ಹೇಳಿದರೆ ಇಡುತ್ತೇನೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ನೂರು ಪುಟದ ನೋಟ್‌ಬುಕ್ ಕೊಟ್ಟು, ಇವತ್ತು ಬೂದಿ ಬುಧವಾರ, ಇಲ್ಲಿಂದ ಈಸ್ಟರ್‌ವರೆಗೆ ಮನಸ್ಸಿಗೆ ಬಂದದ್ದನ್ನು ಬರೆಯಿರಿ ಎಂದರೆ ಅದು ಶಿಕ್ಷೆಯೇ ಹೊರತು ಪ್ರಾರ್ಥನೆಯಲ್ಲ. ಎಪ್ಪತ್ತನಾಲ್ಕು ವರ್ಷಕ್ಕೆ ಪೆನ್ನು ಹಿಡಿದರೆ ಬೆರಳು ಗಾರೆ ಮೆತ್ತುವ ಕರಣೆ ಹಿಡಿದ ಹಾಗೆ ಮಡಚಿಕೊಳ್ಳುತ್ತದೆ.

ಕೊಟ್ಟವರು ಅಮಿತಾ ಪಾಸ್ಟರ್. ಘಟ್ಟದ ಮೇಲಿನವರು, ಧಾರವಾಡ ಕಡೆ. ಬಂದು ಎಂಟು ತಿಂಗಳಾಯಿತು. ಅಯ್ಯನವರೇ ಎನ್ನುವುದೋ ಅಮ್ಮನವರೇ ಎನ್ನುವುದೋ ಸಭೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸಮಿತಿಯ ಏಳು ಜನ ಹಿರಿಯರಿಗೂ ಒಂದೊಂದು ನೋಟ್‌ಬುಕ್ ಹಂಚಿದ್ದಾರೆ.

"ನಾ ಓದಂಗಿಲ್ರಿ ಶಾಂತಪ್ಪನವರ. ಯಾರೂ ಓದಂಗಿಲ್ಲ. ನಿಮಗ ನೀವ ಬರಕೋರಿ" ಎಂದರು.

ಯಾರೂ ಓದದಿದ್ದರೆ ಬರೆಯುವುದು ಯಾಕೆ? ಹೊಳೆಗೆ ಎಸೆಯಲು ಸೌದೆ ಒಡೆದ ಹಾಗಾಯಿತು.

ನನಗೆ ಇನ್ನೊಂದು ಕೆಲಸವನ್ನೂ ಅಂಟಿಸಿದರು. ನಮ್ಮ ಸಮಾಧಿ ಜಾಗವನ್ನು ಒಂದು ನಡುಗೋಡೆ ಮೇಲಿನದು, ಕೆಳಗಿನದು ಎಂದು ಎರಡು ಮಾಡಿದೆ. ಸಭೆಯ ಸಮಾಧಿ ರಿಜಿಸ್ಟರಿನಲ್ಲಿ ಮೇಲಿನ ಭಾಗದವರ ಹೆಸರು, ಸಾಲು, ನಂಬರು ಎಲ್ಲ ಇದೆ. ಗೋಡೆಯಾಚೆ ಕೆಳಗಿನ ಭಾಗದವರದ್ದು ತಾರೀಕು ಮಾತ್ರ. ಅದರ ಮುಂದೆ 'ಒಬ್ಬ ಹೆಂಗಸು', 'ಒಂದು ಮಗು'. ಅಲ್ಲಿ ಯಾರು ಎಲ್ಲಿದ್ದಾರೆ ಎಂದು ನೆನಪಿರುವವನು ನಾನೊಬ್ಬನೇ ಅಂತೆ. ಒಂದು ನಕ್ಷೆ ಮಾಡಿಕೊಡಿ ಎಂದರು.

ನೋಡುವ ಎಂದು ಬಂದೆ. ಇವತ್ತಿಗೆ ಇಷ್ಟು ಸಾಕು.

ಮಾರ್ಚ್ 7, ಶುಕ್ರವಾರ

ಸೊಸೆ ರತ್ನ ತೆಕ್ಕಟ್ಟೆಯಿಂದ ಬುಟ್ಟಿ ತಂದಿದ್ದಳು. ಕಾಡುಬಳ್ಳಿಯದು, ಮುಚ್ಚಳ ಇರುವಂಥದು. ಊಟಕ್ಕೆ ಕೂತವನಿಗೆ ಅದು ಕಣ್ಣಿಗೆ ಬಿತ್ತು. ಎದ್ದು ಹೋಗಿ ಅಂಗಳಕ್ಕೆ ಎಸೆದೆ.

"ಎಂತ ಮಾವ, ನೀರುಳ್ಳಿ ಹಾಕುಕೆ ತಂದದ್. ಅದ್ ನಿಮ್ಗೆ ಎಂತ ಮಾಡ್ತ್?"

"ಪ್ಲಾಸ್ಟಿಕ್ ಬುಟ್ಟಿ ಇಲ್ಯಾ ಪೇಟೆಯಂಗೆ?"

"ಅತ್ತೆ ನಿಮ್ಮೊಟ್ಟಿಗೆ ಹ್ಯಾಂಗ್ ಬದ್ಕಿದ್ರೋ, ಆ ದೇವ್ರಿಗೇ ಗೊತ್ತ್" ಎಂದಳು.

ನನ್ನ ಹೆಂಡತಿ ಸುಗುಣ ತೀರಿಹೋಗಿ ಆರು ವರ್ಷ. ರತ್ನ ಮದುವೆಯಾಗಿ ಬಂದ ದಿನವೇ ಅವಳು ಹೇಳಿಕೊಟ್ಟಿದ್ದಳು: ಈ ಮನೆಗೆ ಬಳ್ಳಿ ಬುಟ್ಟಿ ತರಬೇಡ, ಯಾಕೆಂದು ಕೇಳಲೂ ಬೇಡ. ಸುಗುಣಳೂ ಯಾಕೆಂದು ಕೇಳಿದವಳಲ್ಲ. ರತ್ನ ಮರೆತಿದ್ದಾಳೆ.

ಬಂಗುಡೆ ಸಾರು ಬೆಕ್ಕಿಗೆ ಹೋಯಿತು.

ಮಾರ್ಚ್ 9, ಭಾನುವಾರ

ಇವತ್ತು ಪ್ರಸಂಗದಲ್ಲಿ ಪಾಸ್ಟರ್ ಗೋಡೆಯ ವಿಷಯ ಎತ್ತಿದರು. ಎರಡು ಜನಾಂಗದ ನಡುವಿನ ಗೋಡೆಯನ್ನು ಕ್ರಿಸ್ತನು ಕೆಡವಿದ ಎಂದು ಓದಿ, ಪುಸ್ತಕ ಮುಚ್ಚಿ, "ನಾವು ಮತ್ತ ಕಟ್ಟೀವಿ" ಎಂದರು.  

ನಮ್ಮ ಹೊಳೆಬದಿ ಸಭೆಯಲ್ಲಿ ಎರಡು ಕಡೆ. ಹಂಚಿನ ಕಡೆ, ಗುಡ್ಡೆ ಕಡೆ. ನಾವು ಹಂಚಿನವರು, ಅಜ್ಜಂದಿರು ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದು ದೀಕ್ಷಾಸ್ನಾನ ಪಡೆದವರು. ಗುಡ್ಡೆಯವರು ಬಂದದ್ದು ಅದರ ಮೇಲೆ ಮೂವತ್ತು ವರ್ಷಕ್ಕೆ, ಗುಲ್ವಾಡಿ ಮೇಲಿನ ಕೊರಗರ ಕೊಪ್ಪದಿಂದ. ಬುಟ್ಟಿ ಹೆಣೆಯುವವರು. ಜಾತಿಯನ್ನು ಹೊಳೆಯಲ್ಲಿ ಬಿಟ್ಟು ಬಂದೆವು ಎಂದು ಎರಡೂ ಕಡೆಯವರು ಹಾಡುತ್ತೇವೆ. ಬಿಟ್ಟದ್ದು ಹೌದು. ಅದಕ್ಕೆ ಈಜು ಬರುತ್ತಿತ್ತು.

ತಿಂಗಳ ಮೊದಲ ಭಾನುವಾರ ಪವಿತ್ರ ಭೋಜನ. ಒಂದೇ ಪಾತ್ರೆ. ಯಾರೂ ಕಾನೂನು ಬರೆದಿಟ್ಟಿಲ್ಲ, ಆದರೆ ಮುಂದಿನ ಬೆಂಚಿನ ನಾವು ಮೊದಲು ಕುಡಿಯುತ್ತೇವೆ, ಹಿಂದಿನ ಬೆಂಚಿನವರು ಆಮೇಲೆ. ಕಟ್ಟಕಡೆಗೆ ಗುಡ್ಡೆ ಕಡೆಯ ಮುತ್ತು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ರಿಜಿಸ್ಟರಿನಲ್ಲಿ ಮಾರ್ತ ಎಂದಿದೆ, ಹಾಗೆ ಕರೆಯುವವರು ಯಾರೂ ಇಲ್ಲ.

ಈಸ್ಟರ್ ದಿನ ಬೆಳಕು ಹರಿಯುವಾಗ ಸಮಾಧಿಗಳ ನಡುವೆ ನಿಂತು ಆರಾಧನೆ ಮಾಡುವುದು ನಮ್ಮ ಹಿಂದಿನಿಂದ ಬಂದ ಕ್ರಮ. ಅವರವರ ಸಮಾಧಿಗೆ ಅವರವರು ಹೂ ಇಟ್ಟು ಹಾಡುತ್ತೇವೆ. ಗೋಡೆಯ ಮೇಲಿನ ಬದಿಗೆ ನಾವು, ಕೆಳಗಿನ ಬದಿಗೆ ಅವರು. ಹಾಡು ಒಂದೇ. ಅವರು ಅರ್ಧ ಸಾಲು ಹಿಂದೆ ಇರುತ್ತಾರೆ. ನಾವು ಆಮೆನ್ ಹೇಳಿ ಬಾಯಿ ಮುಚ್ಚಿದ ಮೇಲೆ ಆಚೆಯಿಂದ ಇನ್ನೊಂದು ಆಮೆನ್ ಬರುತ್ತದೆ.

ಈ ಈಸ್ಟರಿಗೆ ಮೊದಲು ಗೋಡೆ ತೆಗೆಯಬೇಕು ಎಂದು ಪಾಸ್ಟರ್ ಹೇಳಿದರು. ಮುತ್ತುವಿನ ಮಗಳ ಮಗ ರತನ್ ಎದ್ದು ನಿಂತು, ಬ್ರಹ್ಮಾವರದಲ್ಲಿರುವ ತನ್ನ ಜೆಸಿಬಿ ತರುತ್ತೇನೆ, ಒಂದು ಗಂಟೆಯ ಕೆಲಸ, ಏನೂ ಕೊಡುವುದು ಬೇಡ ಎಂದ.

ಎಲ್ಲರೂ ತಿರುಗಿ ನನ್ನ ಮುಖ ನೋಡಿದರು. ಆ ಗೋಡೆ ಕಟ್ಟಿದ ಮೇಸ್ತ್ರಿ ನಾನು.

ಮಾರ್ಚ್ 12, ಬುಧವಾರ

ಶೈಲೇಶ್ ಬಂದಿದ್ದ. ನನ್ನ ತಮ್ಮನ ಮಗ, ಸಮಿತಿಯ ಕಾರ್ಯದರ್ಶಿ. ಹೈವೇ ಬದಿಗೆ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಅಜ್ಜ ಮಣ್ಣಿನ ಹಂಚು ಮಾಡಿದ, ಮೊಮ್ಮಗ ಗುಜರಾತಿನ ಹಂಚು ಮಾರುತ್ತಾನೆ.

"ದೊಡ್ಡಪ್ಪ, ಈ ಅಮ್ಮನೋರಿಗೆ ಊರ್ ಗೊತ್ತಿಲ್ಲೆ. ಗೋಡೆ ಪೂರಾ ತೆಗ್ದ್ರೆ ನಮ್ಮೋರ್ ಅರ್ಧ ಜನ ಕುಂದಾಪ್ರ ಸಭೆಗೆ ಹೋತ್ರ್. ನಾ ಒಂದ್ ಉಪಾಯ ಮಾಡಿದ್ದೆ. ಒಂದ್ ಗೇಟ್ ಇಡುವ."

"ಗೇಟಾ?"

"ರಸ್ತೆ ಬದಿಯಂಗೆ ನಾಲ್ಕ್ ಅಡಿ ಒಡ್ದ್ ಸ್ಟೀಲ್ ಗೇಟ್. ಬಿಷಪ್ರನ್ನ ಕರ್ಸಿ ರಿಬ್ಬನ್ ಕತ್ತರ್ಸುದ್. ಐಕ್ಯತೆಯ ದ್ವಾರ ಅಂದೇಳಿ ಒಂದ್ ಕಲ್ಲ್. ಅವ್ರಿಗೂ ಕುಶಿ, ನಮ್ಗೂ ಕುಶಿ. ಕಟ್ಟಿದ್ ನೀವು, ನೀವು ಹೂಂ ಅಂದ್ರೆ ಮುಗೀತ್."

ರಸ್ತೆ ಬದಿ ಎಂದ ಕೂಡಲೇ ನನ್ನ ಎದೆಯ ಮೇಲಿನ ಹೊರೆ ಇಳಿದ ಹಾಗಾಯಿತು. ಹೊಳೆ ಬದಿ ಅಲ್ಲವಲ್ಲ. ಒಳ್ಳೆಯ ಉಪಾಯ ಎಂದೆ. ಚಾ ಕುಡಿಸಿ ಕಳಿಸಿದೆ.

ಮಾರ್ಚ್ 21, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ನಡೆಯಲಿಲ್ಲ.

ಇವತ್ತು ನಕ್ಷೆಗೆ ಅಳತೆ ಹಿಡಿಯಲು ಮಧ್ಯಾಹ್ನ ಸಮಾಧಿ ಜಾಗಕ್ಕೆ ಹೋಗಿದ್ದೆ. ಆ ಹೊತ್ತಿಗೆ ಅಲ್ಲಿ ಯಾರೂ ಬರುವುದಿಲ್ಲ. ಬಿಸಿಲಿಗೆ ಹೊಳೆ ಬೆಳ್ಳಗೆ ಕಾಣುತ್ತಿತ್ತು. ಗೋಡೆಯಲ್ಲಿ ಬಿರುಕು ಮತ್ತೆ ಬಂದಿದೆ.

ಹೊಳೆ ಕಡೆಯಿಂದ ಹದಿನೆಂಟು ಅಡಿಗೆ, ನೆಲದಿಂದ ಮೂರು ಅಡಿ ಎತ್ತರಕ್ಕೆ. ಯಾವಾಗಲೂ ಅಲ್ಲೇ. ಅರವತ್ತು ಅಡಿ ಗೋಡೆಯಲ್ಲಿ ಬೇರೆ ಎಲ್ಲಿಯೂ ಕೂದಲೆಳೆಯಷ್ಟು ಬಿಟ್ಟಿಲ್ಲ. ಅಲ್ಲಿ ಮಾತ್ರ ಮಳೆಗಾಲ ಕಳೆದರೆ ಗೋಡೆಗೆ ಹೊಟ್ಟೆ ಬರುತ್ತದೆ, ಬಿರಿಯುತ್ತದೆ. ಒಂಬತ್ತು ಸಲ ಗಾರೆ ಮೆತ್ತಿದ್ದೇನೆ. ಮೊದಲು ಚಿಪ್ಪಿನ ಸುಣ್ಣ, ಆಮೇಲೆ ಸಿಮೆಂಟು. ಶಾಂತಪ್ಪ ಸಭೆಯ ಕೆಲಸವನ್ನು ಕೂಲಿ ಇಲ್ಲದೆ ಮಾಡುತ್ತಾನೆ ಎಂದು ವಾರ್ಷಿಕ ವರದಿಯಲ್ಲಿ ಎರಡು ಸಲ ಬರೆದಿದ್ದಾರೆ.

ಮೂರು ಅಡಿ ಎಂದರೆ ಮೂರು ವರ್ಷದ ಮಗು ನಿಂತರೆ ತಲೆ ಬರುವಷ್ಟು.

ಬಿರುಕಿನ ಮೇಲೆ ಕೈ ಇಟ್ಟೆ. ಬಿಸಿಲಲ್ಲಿ ಇಡೀ ಗೋಡೆ ಸುಡುತ್ತಿತ್ತು. ಅಲ್ಲಿ ತಂಪಿತ್ತು.

ಮಾರ್ಚ್ 22, ಶನಿವಾರ

ಯಾರೂ ಓದುವುದಿಲ್ಲ ಎಂದಿದ್ದಾರಲ್ಲ. ಬರೆದು ಮುಗಿಸುತ್ತೇನೆ.

1984ರ ಫೆಬ್ರವರಿ. ಅಲ್ಲಿಯವರೆಗೆ ಸಮಾಧಿ ಜಾಗಕ್ಕೆ ನಡುಗೋಡೆ ಇರಲಿಲ್ಲ. ಗುಡ್ಡೆಯವರು ಸತ್ತವರನ್ನು ತಾವಾಗಿಯೇ ಕೆಳಗಿನ ತಗ್ಗು ಬದಿಗೆ ಇಡುತ್ತಿದ್ದರು. ಆ ವರ್ಷ ಕಾರ್ಖಾನೆಯ ಲೆಕ್ಕ ಬರೆಯುತ್ತಿದ್ದ ಹಳೇ ರೈಟರು ತೀರಿಕೊಂಡರು. ಅವರ ಮನೆಯವರು, ತಮ್ಮ ಅಪ್ಪನಿಗೂ ಗುಡ್ಡೆಯವರಿಗೂ ನಡುವೆ ಒಂದು ಗೋಡೆ ಬೇಕು ಎಂದರು. ಸಮಿತಿ ಹಾಗೆ ಬರೆಯಲಿಲ್ಲ. ದನ ಬರುತ್ತದೆ, ಗೋಡೆ ಬೇಕು ಎಂದು ಬರೆಯಿತು. ದನ ಬರುವುದು ರಸ್ತೆ ಕಡೆಯಿಂದ. ಗೋಡೆ ಹಾಕಿದ್ದು ನಡುವೆ. ದನಗಳಿಗೂ ನಗು ಬಂದಿರಬೇಕು.

ಕೆಲಸ ನನಗೆ ಸಿಕ್ಕಿತು. ರಸ್ತೆಯ ಕಂಬದಿಂದ ಹೊಳೆಯ ಗಡಿಕಲ್ಲಿಗೆ ನೂಲು ಕಟ್ಟಿದೆ. ಪಾಯ ತೋಡಲು ಹಿಡಿದೆವು. ಮೂರನೆಯ ದಿನ ಮಧ್ಯಾಹ್ನ ಆಳುಗಳು ಊಟಕ್ಕೆ ಹೋಗಿದ್ದರು. ನಾನು ಗುದ್ದಲಿ ಹಾಕಿದೆ. ಮುರಕಲ್ಲಿನ ಗಟ್ಟಿ ನೆಲ, ಆದರೆ ಗುದ್ದಲಿ ಮೆತ್ತಗೆ ಇಳಿಯಿತು. ಮಣ್ಣು ಸರಿಸಿದರೆ ಬುಟ್ಟಿ.

ಕಾಡುಬಳ್ಳಿಯ ಬುಟ್ಟಿ, ಮುಚ್ಚಳ ಕಟ್ಟಿದ್ದು. ಕಪ್ಪಾಗಿತ್ತು, ಮುರಿದಿರಲಿಲ್ಲ.

ಅದು ಯಾರದ್ದೆಂದು ನನಗೆ ಗೊತ್ತಿತ್ತು. ಹಿಂದಿನ ಜುಲೈಯಲ್ಲಿ ಮುತ್ತುವಿನ ಮಗ ಚಂದು ಜ್ವರದಲ್ಲಿ ಹೋದ. ಮೂರು ವರ್ಷ. ಹೊಳೆ ತುಂಬಿತ್ತು, ಆಚೆ ದಾಟಿಸಿ ಆಸ್ಪತ್ರೆಗೆ ಒಯ್ಯಲು ದೋಣಿ ಬಿಡಲಿಲ್ಲ. ಗುಡ್ಡೆಯವರು ಮಕ್ಕಳಿಗೆ ಪೆಟ್ಟಿಗೆ ಮಾಡಿಸುತ್ತಿರಲಿಲ್ಲ. ತಾಯಿಯೇ ಬುಟ್ಟಿ ಹೆಣೆದು ಅದರಲ್ಲಿ ಮಲಗಿಸುತ್ತಿದ್ದಳು. ಮುತ್ತು ಒಂದು ಹಗಲು ಒಂದು ರಾತ್ರಿ ಕೂತು ಹೆಣೆದಿದ್ದಳಂತೆ.

ನೂಲು ಸರಿಯಾಗಿ ಬುಟ್ಟಿಯ ಮೇಲೆ ಹಾದುಹೋಗಿತ್ತು. ಎರಡು ಅಡಿ ಬಾಗಿಸಿದ್ದರೆ ಸಾಕಿತ್ತು. ಅಷ್ಟರಲ್ಲಿ ಅಪ್ಪ ಬಂದರು. ಆಗ ಅವರೇ ಸಭೆಯ ದೊಡ್ಡ ಹಿರಿಯರು. ನೋಡಿದರು. "ನೂಲ್ ಬಿಡ್ಬೇಡ, ನೇರ ಹೋಗ್" ಎಂದರು. ನಾನು ಹೋದೆ. ಬುಟ್ಟಿಯ ಮೇಲೆ ಮಣ್ಣು ಎಳೆದು, ಅಡಿಕಲ್ಲು ಕೂರಿಸಿ, ಗಾರೆ ಸುರಿದೆ. ಆಳುಗಳು ಬರುವಾಗ ಎರಡು ವರಸೆ ಕಲ್ಲು ಎದ್ದಿತ್ತು.

ಆ ವರ್ಷ ಈಸ್ಟರಿಗೆ ಮುತ್ತು ಹೂ ಹಿಡಿದುಕೊಂಡು ಬಂದಳು. ಜಾಗ ಪೂರಾ ಸಮ ಮಾಡಿದ್ದೆವು, ಗುರುತಿಗೆ ಇಟ್ಟ ಕಲ್ಲೂ ಇಲ್ಲ. ಗೋಡೆಯ ಆಚೆಯಿಂದ ನನ್ನನ್ನು ಕರೆದು ಕೇಳಿದಳು. "ಒಡೆಯಾ, ನನ್ನ ಮಾಣಿ ಎಲ್ಲಿ?"

ನಾನು ಅವಳ ಬದಿಯ ಗೇರುಮರದ ಬುಡ ತೋರಿಸಿದೆ. "ಅಲ್ಲಿ" ಎಂದೆ.

ಅಲ್ಲಿಂದ ಇಲ್ಲಿಗೆ ನಲವತ್ತೊಂದು ಈಸ್ಟರ್. ಪ್ರತಿ ವರ್ಷ ಅಬ್ಬಲಿಗೆ ಹೂ ತಂದು ಗೇರುಮರದ ಬುಡದಲ್ಲಿ ಇಟ್ಟು ಕೂರುತ್ತಾಳೆ. ನಾನು ಈಚೆಯಿಂದ ನೋಡುತ್ತೇನೆ. ಗೋಡೆ ನನ್ನ ಎದೆಯವರೆಗೆ ಬರುತ್ತದೆ, ನೋಡಲು ಅಡ್ಡಿಯಿಲ್ಲ.

ಗೇರುಮರದ ಬುಡದಲ್ಲಿ ಯಾರೂ ಇಲ್ಲ.

ಮಾರ್ಚ್ 23, ಭಾನುವಾರ

ಆರಾಧನೆಗೆ ಹೋಗಲಿಲ್ಲ. ಮಂಡಿನೋವು.

ಮಾರ್ಚ್ 30, ಭಾನುವಾರ

ನಕ್ಷೆ ಮುಗಿಯಿತು. ಮೂವತ್ತೊಂದು ಜನ. ಒಬ್ಬೊಬ್ಬರದ್ದೇ ಹೆಸರು ಬರೆಯುವಾಗ ಮುಖವೂ ಬರುತ್ತದೆ. ಡೋಲು ಬಾರಿಸುವ ಚಂದಯ್ಯ. ಅವನ ತಂಗಿ, ಬಸ್ರೂರು ಪೇಟೆಯಲ್ಲಿ ಅಕ್ಕಿ ಕೇರುವ ಗೆರಸೆ ಮಾರುತ್ತಿದ್ದವಳು, ನನಗೊಮ್ಮೆ ಬೈದಿದ್ದಳು. 'ಒಬ್ಬ ಹೆಂಗಸು' ಎಂದಿದ್ದಲ್ಲಿ ಎಲ್ಲ ಈಗ ಹೆಸರಿದೆ. ಇಷ್ಟು ಜನ ನನ್ನ ತಲೆಯೊಳಗೆ ಇದ್ದರೆಂದು ನನಗೇ ಗೊತ್ತಿರಲಿಲ್ಲ.

ಪಾಸ್ಟರ್ ನೋಡಿದರು. ಬೆರಳಿಟ್ಟು ಎಣಿಸಿದರು. "ರಿಜಿಸ್ಟರ್ನಾಗ ಮೂವತ್ತೆರಡು ಅದಾವಲ್ರಿ. ಎಂಬತ್ಮೂರು ಜುಲೈ, ಒಂದು ಮಗು. ಇದೆಲ್ಲಿ?"

"ನೆನಪಿಲ್ಲ" ಎಂದೆ.

ನನ್ನ ಮುಖವನ್ನೇ ನೋಡಿದರು. "ನೆನಪಾದಾಗ ಹೇಳ್ರಿ" ಎಂದರು. ಚಿಕ್ಕ ಪ್ರಾಯ, ಆದರೆ ಕಣ್ಣು ಹಳೆಯದು.

ಏಪ್ರಿಲ್ 2, ಬುಧವಾರ

ರತನ್ ಗೋಡೆ ಅಳೆಯಲು ಬಂದಿದ್ದ. ಮೂವತ್ತು ದಾಟಿದ ಗಂಡಸು, ಒಳ್ಳೆಯ ಕೆಲಸಗಾರ. ಟೇಪಿನ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ. ಹಿಡಿದೆ.

"ಹ್ವಾಯ್ ಶಾಂತಪ್ಪಯ್ಯ, ಗೋಡೆ ಮಾತ್ರ ಗುಂಡ್ ಹಿಡ್ದಾಂಗ್ ಇತ್ತ್. ಇಷ್ಟ್ ನೇರ ಈಗಳಿಕೆ ಯಾರ್ ಕಟ್ತ್ರ್?"

ಬೇರೆ ದಿನವಾಗಿದ್ದರೆ ಆ ಮಾತಿನ ಖುಷಿಯಲ್ಲೇ ಎರಡು ದಿನ ಬದುಕುತ್ತಿದ್ದೆ.

"ಅಡಿಪಾಯ ಎಷ್ಟ್ ಆಳ?" ಎಂದು ಕೇಳಿದ. "ಬಕೆಟ್ ಹಾಕಿ ಪೂರಾ ಬುಡ ಸಮೇತ ಎತ್ತುವ. ಇಲ್ದಿರೆ ಮತ್ತೆ ಯಾರಾರೂ ಅದ್ರ ಮೇಲೆಯೇ ಕಟ್ತ್ರ್."

ಜೆಸಿಬಿಯ ಬಕೆಟ್ಟು ಹದಿನೆಂಟನೆಯ ಅಡಿಗೆ ಇಳಿಯುವುದು ನನಗೆ ಕಂಡಿತು. ಅವನಿಗೆ ಆ ಮಗು ಮಾವ ಆಗಬೇಕು.

ಹೋಗುವಾಗ ಹೇಳಿದ. ಬೈಂದೂರಿನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಮನೆ ಮಾಡಿದ್ದಾನೆ, ಈಸ್ಟರ್ ಕಳೆದ ಕೂಡಲೇ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ. "ಅಜ್ಜಿಗೆ ಇನ್ನ್ ಬಸ್ ಹತ್ತಿ ಬಪ್ಪುಕ್ ಆತಿಲ್ಲೆ. ಇದೇ ಕಡೀ ಈಸ್ಟರ್ ಅಂದೇಳಿ ಈಗ್ಲೇ ಹೂವಿನ್ ಗಿಡಕ್ಕೆ ನೀರ್ ಹಾಕ್ತಾ ಇತ್ತ್."

ಏಪ್ರಿಲ್ 6, ಭಾನುವಾರ

ಮಂಡಿನೋವಿನಿಂದ ಏಳುವುದು ತಡವಾಯಿತು. ಹಾಗಾಗಿ ಪವಿತ್ರ ಭೋಜನಕ್ಕೆ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದೆ ಮುತ್ತು. ಅವಳು ಹಿಂದೆ ತಿರುಗಿ ನೋಡಿ, "ನೀವ್ ಮುಂದೆ ಹೋಯ್ನಿ ಒಡೆಯಾ" ಎಂದು ಬದಿಗೆ ಸರಿದಳು. "ಕಾಲ್ ನೋಯ್ತ್, ನೀ ಹೋಗ್" ಎಂದೆ.

ಅವಳು ಕುಡಿದ ಮೇಲೆ ನಾನು ಕುಡಿದೆ. ತಳದ ಒಂದು ಗುಟುಕು. ಮುಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಶೈಲೇಶ್ ಹೊರಗೆ ಬಂದು, "ಎಂತ ದೊಡ್ಡಪ್ಪ, ಪ್ರದರ್ಶನವಾ?" ಎಂದ.

ಕಾಲು ನೋವು ಎಂದರೆ ಕಾಲು ನೋವು. ಇವರಿಗೆಲ್ಲ ಬೇರೆ ಕೆಲಸವಿಲ್ಲ.

ಏಪ್ರಿಲ್ 9, ಬುಧವಾರ

ಗುಲ್ವಾಡಿಯಲ್ಲಿ ಬಸ್ಸಿಳಿದು ಗುಡ್ಡೆ ಹತ್ತಿದೆ. ಸಭೆಯ ಹಿರಿಯನಾಗಿ ಇಪ್ಪತ್ತೆರಡು ವರ್ಷ, ಮುತ್ತುವಿನ ಮನೆಯ ಜಗುಲಿ ಹತ್ತಿದ್ದು ಇದೇ ಮೊದಲು. ಹಿಂದೆಲ್ಲ ಸಾವಿನ ಹೊತ್ತಿಗೆ ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡಿ ಬರುತ್ತಿದ್ದೆವು.

ಜಗುಲಿಯಲ್ಲಿ ಕೂತು ಬಳ್ಳಿ ಸೀಳುತ್ತಿದ್ದಳು. ಕಣ್ಣು ಮಂಜು, ಬೆರಳಿಗೆ ಮಾತ್ರ ಎಲ್ಲ ಕಾಣುತ್ತದೆ.

"ಎಂತ ಒಡೆಯಾ, ಯಾರ್ ಸತ್ರ್?" ಎಂದಳು. ನಮ್ಮವರು ಅವಳ ಮನೆಗೆ ಬರುವುದು ಸಾವಿನ ಸುದ್ದಿಗೆ ಮಾತ್ರ.

"ಯಾರೂ ಸಾಯ್ಲಿಲ್ಲೆ. ಹೀಂಗೇ ಬಂದೆ."

"ಹೀಂಗೇ ಬಪ್ಪೋರಲ್ಲ ನೀವ್. ಕೂಕಣಿ. ಚಾ ಕುಡಿತ್ರ್ಯಾ? ಇಲ್ಲಿದ್ ಕುಡಿತ್ರ್ಯಾ ಅಂತ ಕೇಂಡದ್."

"ಕುಡೀತೆ."

ಬೆಲ್ಲದ ಚಾ ಕೊಟ್ಟಳು. ಲೋಟ ಬಿಸಿ, ಹಿಡಿಯಲು ಆಗಲಿಲ್ಲ. ಹೇಳಬೇಕೆಂದೇ ಬಂದಿದ್ದೆ. ಅಂಗಳದಲ್ಲಿ ಅಬ್ಬಲಿಗೆ ಗಿಡ ಮೊಗ್ಗಾಗಿತ್ತು. ಹೆಣೆದಿಟ್ಟ ಒಂದು ಬುಟ್ಟಿ ಬಾಯಿ ತೆರೆದುಕೊಂಡು ನನ್ನ ಕಡೆ ಕೂತಿತ್ತು. ಚಾ ಕುಡಿದು ಎದ್ದುಬಂದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಈ ಪುಸ್ತಕದಲ್ಲಿ ಒಂದು ಸುಳ್ಳಿದೆ. ಅದನ್ನು ತೆಗೆಯಬೇಕು.

ಅಪ್ಪ ಅವತ್ತು ಅಲ್ಲಿ ಇರಲಿಲ್ಲ. ಬಸ್ರೂರಿಗೆ ಹೋಗಿದ್ದರು, ಕತ್ತಲಾದ ಮೇಲೆ ಬಂದರು. ಬುಟ್ಟಿಯ ವಿಷಯ ಅವರಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. "ನೂಲ್ ಬಿಡ್ಬೇಡ" ಎಂದು ಹೇಳಿದ್ದು ಯಾರೂ ಅಲ್ಲ. ನಲವತ್ತು ವರ್ಷದಲ್ಲಿ ನಾನೇ ಅವರನ್ನು ಆ ಹೊಂಡದ ಬಾಯಿಗೆ ತಂದು ನಿಲ್ಲಿಸಿದ್ದೇನೆ. ಎಷ್ಟು ಸಲ ನಿಲ್ಲಿಸಿದೆನೆಂದರೆ ಅವರ ಕೊಡೆಯೂ ನೆನಪಾಗುತ್ತದೆ. ಫೆಬ್ರವರಿಯಲ್ಲಿ ಯಾವ ಕೊಡೆ?

ನೂಲು ನನ್ನದು. ಬಾಗಿದ ಗೋಡೆ ಕಟ್ಟಿದ ಮೇಸ್ತ್ರಿ ಎಂದು ಕುಂದಾಪುರದವರೆಗೆ ನಗುತ್ತಾರೆ ಎಂಬ ಹೆದರಿಕೆ ನನ್ನದು. ಮೇಲಿನ ಬದಿಯ ಸಮಾಧಿ ಅಡ್ಡ ಬಂದಿದ್ದರೆ ಬಾಗಿಸುತ್ತಿದ್ದೆ. ಆಗ ಯಾರೂ ನಗುವುದಿಲ್ಲ ಎಂದು ಗೊತ್ತಿತ್ತು.

ಏಪ್ರಿಲ್ 13, ಗರಿಗಳ ಭಾನುವಾರ

ಆರಾಧನೆ ಆದ ಮೇಲೆ ಸಮಿತಿ. ಗೇಟಿನ ಪರವಾಗಿ ಐದು ಕೈ ಎದ್ದವು. ವಿರೋಧ ಒಂದು, ಗುಡ್ಡೆ ಕಡೆಯ ಒಬ್ಬನೇ ಸದಸ್ಯ. ಪಾಸ್ಟರ್ ನನ್ನ ಕಡೆ ನೋಡಿದರು. "ಹಿರಿಯರ?"

ನಾನು ಕೈ ಎತ್ತಿದೆ. ಗೇಟಿನ ಪರ.

ಗೇಟಿಟ್ಟರೆ ಹೊಳೆ ಬದಿಯ ಗೋಡೆ ಹಾಗೇ ಇರುತ್ತದೆ. ಮುತ್ತು ಈ ವರ್ಷವೂ ಗೇರುಮರದ ಬುಡದಲ್ಲಿ ಹೂ ಇಟ್ಟು ಬೈಂದೂರಿಗೆ ಹೋಗುತ್ತಾಳೆ. ನಾನು ಇನ್ನೊಂದಷ್ಟು ವರ್ಷ ಗಾರೆ ಮೆತ್ತುತ್ತೇನೆ. ಮುಗಿಯಿತು.

ಕೈಯಲ್ಲಿ ತೆಂಗಿನ ಗರಿ ಇತ್ತು. ಅದನ್ನೇ ಎತ್ತಿದ್ದೆ. ಮನೆಗೆ ಬಂದ ಮೇಲೆ ನೋಡಿದರೆ ಗರಿಯನ್ನು ಎಳೆ ಎಳೆ ಸೀಳಿ ಹೆಣೆದಿದ್ದೇನೆ, ಅಂಗೈಯಗಲ. ಯಾವಾಗ ಹೆಣೆದೆ? ನನಗೆ ಹೆಣೆಯಲು ಬರುವುದಿಲ್ಲ.

ಏಪ್ರಿಲ್ 15, ಮಂಗಳವಾರ

ಮುತ್ತುವಿಗೆ ಹೇಳಿದೆ.

ಈ ಸಲ ಕೂರಲಿಲ್ಲ. ಕೂತರೆ ಚಾ ಕೊಡುತ್ತಾಳೆ. ಜಗುಲಿಯ ಕಂಬ ಹಿಡಿದು ನಿಂತು ಎಲ್ಲ ಹೇಳಿದೆ. ನೂಲು, ಗುದ್ದಲಿ, ಬುಟ್ಟಿ, ಅಡಿಕಲ್ಲು, ಗೇರುಮರ. ಅವಳ ಕೈ ಬಳ್ಳಿಯ ಮೇಲೆ ನಿಂತಿತ್ತು.  ಕೆಳಗೆ ಹೊಳೆಯಲ್ಲಿ ಯಾರೋ ಮರಳು ದೋಣಿಗೆ ಹುಟ್ಟು ಹಾಕುವ ಸದ್ದು.

ಆಮೇಲೆ ಕೇಳಿದಳು. "ಬುಟ್ಟಿ ಒಡ್ದಿತ್ತಾ?"

"ಇಲ್ಲೆ. ಗುದ್ದಲಿ ಅಂಚಿಗೆ ತಾಗ್ತ್, ಅಷ್ಟೆ."

"ಮುಚ್ಚಳ ಇತ್ತಾ?"

"ಇತ್ತ್. ಕಟ್ಟಿತ್ತ್."

"ಎಷ್ಟ್ ಗಂಟ್?"

ನಾನು ಕಣ್ಣು ಮುಚ್ಚಿದೆ. ಮುಚ್ಚುವ ಅಗತ್ಯವೂ ಇರಲಿಲ್ಲ. "ಮೂರು" ಎಂದೆ.

"ಹೂಂ. ಮೂರೇ." ಬೆರಳಲ್ಲಿ ಗಾಳಿಯಲ್ಲೇ ಮೂರು ಸಲ ಬಿಗಿದಳು. "ಮಳಿ ನೀರ್ ಹೋಪ್ಕಾಗ ಅಂದೇಳಿ ಬಿಗ್ದ್ ಕಟ್ಟಿದ್ದೆ. ನಾ ನೀರಿಗೆ ಹೆದ್ರದ್. ಮೇಸ್ತ್ರಿಗೆ ಹೆದ್ರಲಿಲ್ಲೆ."

ಮಡಿಲಿನ ಬಳ್ಳಿ ಸಿಪ್ಪೆಯನ್ನು ಅಂಗಳಕ್ಕೆ ಕೊಡವಿ ಮತ್ತೆ ಕೇಳಿದಳು.

"ಗೇರುಮರದ ಬುಡದಂಗೆ ಯಾರಿದ್ದ್?"

"ಯಾರೂ ಇಲ್ಲೆ."

"ನಲ್ವತ್ ವರ್ಷ ನಾ ಅಲ್ಲಿ ಕೂಕಂಡ್ ಮಾತಾಡಿದ್ದೆ. ಅವ್ನ ಅಕ್ಕನ ಮದಿ ಆಯ್ತ್ ಅಂದೇಳಿ ಹೇಳಿದ್ದೆ, ಅವ್ನ ಅಪ್ಪ ಸತ್ತದ್ ಹೇಳಿದ್ದೆ. ರತನ್ ಹುಟ್ಟದ್ ಹೇಳಿದ್ದೆ. ಅದೆಲ್ಲ ಯಾರ್ ಕೇಂಡ್ರ್?"

ನಾನು ಕೇಳಿದ್ದೆ ಎಂದು ಹೇಳಬಹುದಿತ್ತು. ಗೋಡೆಯ ಈಚೆ ನಿಂತು ಪ್ರತಿ ವರ್ಷ ಪೂರಾ ಕೇಳಿದ್ದೇನೆ. ಹೇಳಲಿಲ್ಲ.

"ತಪ್ಪಾಯ್ತ್" ಎಂದೆ. "ಕ್ಷಮೆ..."

"ಅದ್ ನಂಗೆ ಹೇಳ್ಬೇಡ. ಅದೆಲ್ಲ ಆ ಅಮ್ಮನೋರ್ ಕೆಲ್ಸ. ನಿನ್ನ ಕೆಲ್ಸ ಗೋಡೆ." ಬಳ್ಳಿ ಕೆಳಗಿಟ್ಟಳು. "ರತನಿನ ಜೆಸಿಬಿ ಅಲ್ಲಿಗೆ ತಾಗೂಕಾಗ. ನೀ ಕಟ್ಟದ್, ನೀನೇ ತೆಗಿ. ಕೈಯಂಗೆ. ಒಂದೊಂದೇ ಕಲ್ಲ್. ಈಸ್ಟರ್ ಬೆಳಿಗ್ಗೆ ನಾ ಹೂ ತಕಂಡ್ ಬತ್ತೆ. ಎಲ್ಲಿ ಇಡ್ಕ್ ಅಂದೇಳಿ ಕೇಂತೆ ಶಾಂತಪ್ಪ. ಈ ಸಲ ಸಮ ತೋರ್ಸ್."

ಗುಡ್ಡೆ ಅರ್ಧ ಇಳಿದ ಮೇಲೆ ಹೊಳೆಯಿತು. ಅವಳು ಒಡೆಯಾ ಎನ್ನಲಿಲ್ಲ.

ಏಪ್ರಿಲ್ 16, ಬುಧವಾರ

ಅಟ್ಟದಿಂದ ಹಾರೆ, ಉಳಿ, ಸುತ್ತಿಗೆ ಇಳಿಸಿದೆ. ತುಕ್ಕು ಉಜ್ಜಿದೆ. ರತ್ನ ನೋಡುತ್ತಾ ನಿಂತಿದ್ದಳು. ಅವಳಿಗೂ ಹೇಳಿದೆ. ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಬಂದು, ಅವತ್ತು ನಾನು ಎಸೆದ ಬುಟ್ಟಿಯನ್ನು ಸೌದೆ ಕೊಟ್ಟಿಗೆಯಿಂದ ತಂದು ನನ್ನ ಮುಂದಿಟ್ಟಳು. ಬಿಸಾಡಿರಲಿಲ್ಲ.

"ಎಲುಬು ಕೈಗೆ ಬಂದ್ರೆ ಎದ್ರಂಗೆ ಇಡ್ತ್ರಿ? ಪ್ಲಾಸ್ಟಿಕ್ಕಂಗಾ?" ಎಂದಳು.

ಏಪ್ರಿಲ್ 17, ಗುರುವಾರ

ಸಮಿತಿಗೆ ಕಾಗದ ಬರೆದೆ. ಮೂರು ಹಾಳೆ ಹಾಳಾಯಿತು. ಕೊಟ್ಟದ್ದನ್ನು ಇಲ್ಲಿ ನಕಲು ಮಾಡಿಡುತ್ತೇನೆ, ಆಮೇಲೆ ನಾನು ಹಾಗೆ ಬರೆಯಲಿಲ್ಲ ಎಂದು ನಾನೇ ಹೇಳಬಾರದು. ನಕ್ಷೆಯಲ್ಲಿ ಮೂವತ್ತೆರಡನೆಯ ಹೆಸರನ್ನೂ ಸೇರಿಸಿ ಇದರ ಜೊತೆ ಕೊಟ್ಟಿದ್ದೇನೆ. ಪಾಸ್ಟರ್ ಅಲ್ಲೇ ಓದಿದರು. ತಮ್ಮ ನೋಟ್‌ಬುಕ್ ತೆಗೆದು ಒಂದು ಸಾಲು ಬರೆದುಕೊಂಡರು. ಅವರೂ ಬರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಶೈಲೇಶ್ ಮಾತ್ರ, "ದೊಡ್ಡಪ್ಪ, ಗೇಟಿಗೆ ಅಡ್ವಾನ್ಸ್ ಕೊಟ್ಟಾಯ್ತ್" ಎಂದ.

ಸಭಾ ಸಮಿತಿಗೆ,

ಭಾನುವಾರ ನಾನು ಗೇಟಿಗೆ ಕೈ ಎತ್ತಿದ್ದು ಹೆದರಿಕೆಯಿಂದ. ಆ ಕೈಯನ್ನು ಹಿಂದೆ ತೆಗೆದುಕೊಂಡಿದ್ದೇನೆ.

1984ರಲ್ಲಿ ನಾನು ಗೋಡೆಯನ್ನು ಒಂದು ಸಮಾಧಿಯ ಮೇಲೆ ಕಟ್ಟಿದೆ. ಗೊತ್ತಿದ್ದೇ ಕಟ್ಟಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಅಲ್ಲಿರುವವನು ಚಂದು, ಮೂರು ವರ್ಷ, ಮಾರ್ತಳ ಮಗ, ನಮ್ಮ ಸಭೆಯಲ್ಲೇ ದೀಕ್ಷಾಸ್ನಾನವಾದವನು. ಹೊಳೆ ಕಡೆಯಿಂದ ಹದಿನೆಂಟು ಅಡಿ. ಅವನ ತಾಯಿಗೆ ನಾನು ಬೇರೆ ಜಾಗ ತೋರಿಸಿದೆ.

ಆ ಜಾಗದ ಆಚೆ ಈಚೆ ನಾಲ್ಕು ನಾಲ್ಕು ಅಡಿ, ಒಟ್ಟು ಎಂಟು ಅಡಿಯನ್ನು ನಾನೊಬ್ಬನೇ ಕೈಯಲ್ಲಿ ತೆಗೆಯುತ್ತೇನೆ. ಉಳಿದದ್ದನ್ನು ರತನ್ ತೆಗೆಯುತ್ತಾನೆ. ಗೇಟು ಬೇಡ. ನಡುವೆ ಗೋಡೆ ಇಟ್ಟುಕೊಂಡು ನಾವು ಒಂದೇ ಎಂದು ಕಲ್ಲಿನ ಮೇಲೆ ಕೆತ್ತುವುದು ಬೇಡ. ಅಂಥ ಕಲ್ಲನ್ನು ನಾನು ಕೂರಿಸಿಕೊಡುವುದಿಲ್ಲ.

ಸುಗುಣಳ ಬದಿಗೆ ನನಗೆಂದು ಬಿಟ್ಟ ಜಾಗದಲ್ಲಿ ಬೇರೆಯವರನ್ನು ಇಡಿ. ನನ್ನನ್ನು ಗೇರುಮರದ ಬುಡದಲ್ಲಿ ಇಡಬೇಕು. ಅಲ್ಲಿ ಜಾಗ ಖಾಲಿ ಇದೆ.

ಈಸ್ಟರ್ ಭಾನುವಾರ, ಇಪ್ಪತ್ತನೆಯ ತಾರೀಕು. ಮಾರ್ತ ಹೂ ತರುತ್ತಾಳೆ. ಎಂಟು ಅಡಿ ತೆಗೆಯಲು ನನಗೆ ಒಂದು ರಾತ್ರಿ ಬೇಕು. ಗೋಡೆ ತೆಗೆಯುವುದಕ್ಕೆ ಹೌದೋ ಅಲ್ಲವೋ ಎಂಬ ಉತ್ತರ ಏಪ್ರಿಲ್ ಹತ್ತೊಂಬತ್ತು, ಶನಿವಾರ, ಸಂಜೆ ಐದು ಗಂಟೆಯೊಳಗೆ ಬರಹದಲ್ಲಿ ಬೇಕು.

ಶಾಂತಪ್ಪ, ಮೇಸ್ತ್ರಿ